ಋಣ ಹೊರುವವರು ಯಾರು?

ಸಾಲಕ್ಕೆ ಲೆಕ್ಕವಿದೆ, ಉಪಕಾರಕ್ಕಿಲ್ಲ. 2006ರ ಗಲಭೆಯಲ್ಲಿ ಸುಟ್ಟ ರಾಜಧಾನಿಯ ಪೇಟೆಯನ್ನು ಮತ್ತೆ ಕಟ್ಟಲು ಶಾಂತಸಾಗರದ ಪುಟ್ಟ ದೇಶ ಟೊಂಗಾ ಚೀನಾದಿಂದ ಪಡೆದದ್ದು ಸಾಲ. ಸಾಲೊಮನ್ ದ್ವೀಪಗಳು 2019ರಲ್ಲಿ ತೈವಾನನ್ನು ಬಿಟ್ಟು ಚೀನಾದ ಕೈಹಿಡಿದವು. ಅವುಗಳಿಗೆ ಸಿಕ್ಕಿದ್ದು ಕ್ರೀಡಾಂಗಣ, ಉಡುಗೊರೆಯಾಗಿ.

ಅಮೆರಿಕಕ್ಕೆ ಗಾಬರಿ. ಅಲ್ಲಿನ ರಾಜಧಾನಿ ಹೊನಿಯಾರಾದಲ್ಲಿ ತನ್ನ ರಾಯಭಾರ ಕಚೇರಿಗೆ 1993ರಲ್ಲಿ ಬೀಗ ಜಡಿದಿದ್ದ ಅದು ಮತ್ತೆ ಬಾಗಿಲು ತೆರೆದದ್ದು 2023ರಲ್ಲಿ! ಮೂವತ್ತು ವರ್ಷ ಬಡವನ ಮನೆಯ ಒಲೆ ಉರಿದಿದೆಯೇ ಎಂದು ಇಣುಕದವರು, ಇನ್ನೊಬ್ಬ ಬಡಿಸಿದ ಅನ್ನದಲ್ಲಿ ವಿಷವಿದೆ ಎಂದರೆ ಯಾರು ನಂಬಬೇಕು?

ನೆರವು ಪಡೆದವರನ್ನು ನಾವು ದೂರಲಾರೆವು. ನಮ್ಮನ್ನು ಕಾಡುವುದು ಬೇರೆ. ನಾಳೆ ಋಣ ಹೊರಬೇಕಾದವರು ಅಲ್ಲಿನ ಮೀನುಗಾರರು, ಅವರ ಮಕ್ಕಳು. 2022ರಲ್ಲಿ ಚೀನಾದೊಡನೆ ಸಹಿಯಾದ ಭದ್ರತಾ ಒಪ್ಪಂದದ ಪಠ್ಯವನ್ನು ಅವರ ಸರ್ಕಾರ ಅವರಿಗೇ ತೋರಿಸಲಿಲ್ಲ.