ಹೆಗಲು ಕೊಟ್ಟವನೊಡನೆ ಪೈಪೋಟಿ

ಕೃಷ್ಣಾಷ್ಟಮಿಯ ಮರುದಿನ ದಾದರ, ಘಾಟಕೋಪರ, ಠಾಣೆಗಳ ಬೀದಿಗಳಲ್ಲಿ ಓಡಾಡಿದವರಿಗೆ ಗೋವಿಂದರ ದಂಡನ್ನು ವರ್ಣಿಸಿ ಹೇಳಬೇಕಾಗಿಲ್ಲ. ಒಂದೇ ಬಣ್ಣದ ಅಂಗಿ ತೊಟ್ಟ ಹುಡುಗರು ಲಾರಿಗಳಲ್ಲಿ ತುಂಬಿಕೊಂಡು ಬರುತ್ತಾರೆ. ಒಂದು ಕಡೆಯ ಗಡಿಗೆ ಮುಗಿಯಿತೆಂದರೆ ಇನ್ನೊಂದು ಕಡೆಗೆ ಓಟ. ಎಷ್ಟು ಥರ ಏರಿಸಿದರೆ ಎಷ್ಟು ಬಹುಮಾನವೆಂದು ಧ್ವನಿವರ್ಧಕ ಕೂಗುತ್ತಿರುತ್ತದೆ. ೨೦೧೨ರಲ್ಲಿ ಜೋಗೇಶ್ವರಿಯ ಜಯ ಜವಾನ್ ಪಥಕದವರು ಠಾಣೆಯಲ್ಲಿ ಒಂಬತ್ತು ಥರ ಏರಿಸಿ, ೪೩.೭೯ ಅಡಿಗಳ ಗಿನ್ನೆಸ್ ದಾಖಲೆ ಮಾಡಿದರು. ೨೦೧೪ರಲ್ಲಿ ಮುಂಬಯಿ ಹೈಕೋರ್ಟು ಎತ್ತರಕ್ಕೆ ೨೦ ಅಡಿಯ ಮಿತಿಯನ್ನೂ ವಯಸ್ಸಿಗೆ ೧೮ರ ಮಿತಿಯನ್ನೂ ಹಾಕಿತು. ೨೦೧೬ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ೨೦೧೭ರಲ್ಲಿ ಎತ್ತರದ ಮಿತಿ ಸಡಿಲಿ, ೧೪ರ ಒಳಗಿನವರು ಏರಕೂಡದೆಂಬಷ್ಟಕ್ಕೆ ಬಂದು ನಿಂತಿತು. ೨೦೨೨ರಲ್ಲಿ ಮಹಾರಾಷ್ಟ್ರ ಸರಕಾರ ಇದನ್ನು ಸಾಹಸಕ್ರೀಡೆಯೆಂದೇ ಘೋಷಿಸಿತು.

ಪಥಕ ಪಥಕಗಳ ನಡುವಣ ಪೈಪೋಟಿ ನನ್ನ ವಿಷಯವಲ್ಲ. ಒಂದೇ ಪಥಕದ ಇಬ್ಬರು ತಮ್ಮೊಳಗೇ ಪೈಪೋಟಿ ನಡೆಸಬಹುದೆ, ನಡೆಸಿದರೆ ಎಲ್ಲಿಯವರೆಗೆ ನಡೆಸಬಹುದು ಎಂಬುದು ನನ್ನನ್ನು ಕಾಡುವ ಪ್ರಶ್ನೆ. ತಮಾಷೆಯ ಪ್ರಶ್ನೆಯಂತೆ ಕಂಡರೂ ಆಫೀಸಿನಲ್ಲಿ, ಮನೆಯಲ್ಲಿ, ನಮ್ಮ ಸಂಘಸಂಸ್ಥೆಗಳ ಚುನಾವಣೆಯಲ್ಲಿ (ಅದನ್ನು ಇಲ್ಲಿ ಬೆಳೆಸುವುದು ಬೇಡ) ನಾವು ಮತ್ತೆ ಮತ್ತೆ ಉತ್ತರಿಸಬೇಕಾಗಿ ಬರುವುದು ಇದಕ್ಕೇ.

ವಿಜ್ಞಾನ ಓದಿದವನ ಚಟ, ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ನಲವತ್ಮೂರು ಚಿಲ್ಲರೆ ಅಡಿಯೆಂದರೆ ಸುಮಾರು ೧೩ ಮೀಟರು. ಅಷ್ಟೆತ್ತರದ ಕಂಬವೊಂದು ಬುಡದಲ್ಲಿ ಒಂದೇ ಒಂದು ಡಿಗ್ರಿ ವಾಲಿದರೂ ಅದರ ತುದಿ ಸುಮಾರು ೨೩ ಸೆಂಟಿಮೀಟರು, ಅಂದರೆ ಒಂದು ಗೇಣು, ಪಕ್ಕಕ್ಕೆ ಸರಿಯುತ್ತದೆ. ಕೆಳಗಿನ ಹುಡುಗ ಹೆಗಲು ಕೊಂಚ ಅಲುಗಿಸಿದರೆ ಮೇಲಿನ ಪೋರನ ಗತಿಯೇನೆಂದು ಊಹಿಸಬಹುದು. ಬುಡದವರು ಕೈಗೆ ಕೈ ಹೆಣೆದು ತಲೆ ತಗ್ಗಿಸಿ ನಿಂತಿರುತ್ತಾರೆ. ಗಡಿಗೆ ಅವರ ಕಣ್ಣಿಗೆ ಬೀಳುವುದಿಲ್ಲ. ಮೇಲೆ ಏನಾಗುತ್ತಿದೆಯೆಂಬುದನ್ನು ಜನರ ಕೂಗಿನಿಂದ, ಹೆಗಲ ಮೇಲಿನ ಪಾದದ ಒತ್ತಿನಿಂದ ತಿಳಿದುಕೊಳ್ಳಬೇಕು. ಮರುದಿನ ಪತ್ರಿಕೆಯ ಚಿತ್ರದಲ್ಲಿ ಮುಖ ಕಾಣುವುದು ತುದಿಯಲ್ಲಿದ್ದವನದು.

ಗುರುಪೂರ್ಣಿಮೆಯಿಂದ ಇವರ ಅಭ್ಯಾಸ ಮೊದಲಾಗುತ್ತದೆ. ಯಾರು ಯಾವ ಥರದಲ್ಲಿ ನಿಲ್ಲಬೇಕೆಂಬುದನ್ನು ಆಗ ಗೊತ್ತು ಮಾಡಿಕೊಳ್ಳಬೇಕು. ಇಬ್ಬರು ಒಂದೇ ಜಾಗಕ್ಕೆ ಹೆಣಗಿದರೆ ಹೆಣಗಲಿ. ದಾಕ್ಷಿಣ್ಯಕ್ಕೆ ಜಾಗ ಬಿಟ್ಟುಕೊಟ್ಟರೆ ಬೀಳುವವರು ಎಲ್ಲರೂ. ಆದ್ದರಿಂದ ಜೊತೆಯವರೊಡನೆ ಸ್ಪರ್ಧೆಯೇ ಕೂಡದೆಂಬ ಸಾಧುಮಾತು ನನಗೆ ಒಪ್ಪಿಗೆಯಿಲ್ಲ. ಆದರೆ ಥರ ಏರತೊಡಗಿದ ಮೇಲೆ, ಜಾಗ ತಪ್ಪಿದವನು ‘ಇವನು ಹೇಗೆ ನಿಲ್ಲುತ್ತಾನೋ ನೋಡೋಣ’ ಎಂದು ಹೆಗಲನ್ನು ಒಂದಿಷ್ಟು ಸಡಿಲಿಸಿದರೆ? ಯಾರಿಗೂ ತಿಳಿಯಲಾರದು, ಯಾವ ಪಂಚನೂ ಅದನ್ನು ಹಿಡಿಯಲಾರ.

ಆಫೀಸಿನ ಮಾತಿಗೆ ಬರೋಣ. ಒಂದೇ ಸೆಕ್ಷನ್ನಿನಲ್ಲಿ ಎದುರುಬದುರು ಮೇಜಿನ ಇಬ್ಬರು ಗುಮಾಸ್ತರೆಂದು ಇಟ್ಟುಕೊಳ್ಳಿ. ಹದಿನೈದು ವರ್ಷ ಒಬ್ಬನ ರಜೆಯಲ್ಲಿ ಇನ್ನೊಬ್ಬ ಫೈಲು ನೋಡಿಕೊಂಡವರು. ಡೊಂಬಿವಲಿಯ ಲೋಕಲ್ಲಿನಲ್ಲಿ ಸರಿದು ಕುಳಿತು ನಾಲ್ಕನೆಯ ಸೀಟು ಮಾಡಿಕೊಟ್ಟವರು. ಇಲಾಖೆಯೊಳಗಿನ ಸ್ಪರ್ಧಾಪರೀಕ್ಷೆಗೆ ಸುತ್ತೋಲೆ ಬರುತ್ತದೆ; ಬಡ್ತಿಯ ಜಾಗ ಒಂದೇ. ಅರ್ಜಿ ಕೊಡುವ ಕೊನೆಯ ದಿನ ಹತ್ತಿರವಾಗಿದೆ. ಒಬ್ಬ ರಜೆ ಹಾಕಿ ಊರಿಗೆ ಹೋಗಿದ್ದಾನೆ. ಇಲ್ಲಿದ್ದವನು ಅರ್ಜಿ ಕೊಟ್ಟಾಯಿತು. ಊರಿನಲ್ಲಿದ್ದವನಿಗೆ ಒಂದು ಫೋನು ಮಾಡಿ ತಿಳಿಸಬೇಕೆ?

ಬೇಕಾಗಿಲ್ಲ ಎನ್ನುವವರ ವಾದ ಹಗುರವಾದುದಲ್ಲ. ಸುತ್ತೋಲೆ ಎಲ್ಲರಿಗೂ ತೆರೆದದ್ದು. ನಾನು ಬಚ್ಚಿಟ್ಟಿಲ್ಲ, ಸುಳ್ಳು ಹೇಳಿಲ್ಲ. ನನಗೂ ಕಾಲೇಜಿಗೆ ಸೇರಬೇಕಾದ ಮಗಳಿದ್ದಾಳೆ. ಪರೀಕ್ಷೆಯ ಹೆಸರಿನಲ್ಲಿಯೇ ಸ್ಪರ್ಧೆಯಿದೆ, ಎದುರಾಳಿಯನ್ನು ಕೈಹಿಡಿದು ಕರೆತರುವುದು ಸ್ಪರ್ಧಿಯ ಕೆಲಸವಲ್ಲ. ನಿಯಮದ ದೃಷ್ಟಿಯಿಂದ ಇದಕ್ಕೆ ಪ್ರತ್ಯುತ್ತರ ನನಗೆ ಕಾಣದು. ಆದರೂ ಫೋನು ಮಾಡಲೇಬೇಕೆಂಬುದು ನನ್ನ ಅಭಿಪ್ರಾಯ. ಅವನೊಬ್ಬ ಅಪರಿಚಿತ ಅಭ್ಯರ್ಥಿಯಾಗಿದ್ದರೆ ಈ ಮಾತು ಹೇಳುತ್ತಿರಲಿಲ್ಲ. ಅವನು ಊರಿಗೆ ಹೋದದ್ದು ತನ್ನ ಮೇಜನ್ನು ಇವನಿಗೆ ಒಪ್ಪಿಸಿ. ಬಂದ ಕಾಗದವನ್ನು ಇವನು ನೋಡಿಕೊಳ್ಳುತ್ತಾನೆಂಬ ಭರವಸೆಯಿಂದ. ಹದಿನೈದು ವರ್ಷ ಆ ಭರವಸೆಯ ಫಲವನ್ನು ಇವನೂ ಉಂಡಿದ್ದಾನೆ. ಈಗ ಅದನ್ನೇ ಮೆಟ್ಟಿಲು ಮಾಡಿಕೊಂಡರೆ ಇವನು ಗೆದ್ದದ್ದು ಪರೀಕ್ಷೆಯಲ್ಲಿ ಅಲ್ಲ, ಗೆಳೆಯನ ಗೈರುಹಾಜರಿಯಲ್ಲಿ. ಫೋನು ಮಾಡಿದ ಮೇಲೆ ಬೇಕಾದರೆ ರಾತ್ರಿಯೆಲ್ಲ ಓದಲಿ, ಹತ್ತು ಅಂಕಗಳಿಂದ ಸೋಲಿಸಲಿ, ಆಕ್ಷೇಪವಿಲ್ಲ. ತಾನು ಬರೆದುಕೊಂಡ ಟಿಪ್ಪಣಿಗಳನ್ನೂ ಕೊಡಬೇಕೆ ಎಂದು ಕೇಳಿದರೆ, ಅದು ಔದಾರ್ಯದ ಮಾತು. ಕೊಡದಿದ್ದವನನ್ನು ನಾನು ದೂರಲಾರೆ.

ಒಳಗಿನ ಸ್ಪರ್ಧೆ ತಂಡವನ್ನೇ ತಿಂದುಹಾಕಿದ ಪ್ರಸಂಗ ಮಹಾಭಾರತದಲ್ಲಿದೆ. ಉದ್ಯೋಗಪರ್ವದಲ್ಲಿ ಭೀಷ್ಮರು ಸೇನೆಯ ರಥಿಕರನ್ನು ಎಣಿಸುವಾಗ ಕರ್ಣನನ್ನು ಅರ್ಧರಥನೆಂದರು. ಭೀಷ್ಮರು ಬೀಳುವವರೆಗೆ ತಾನು ಯುದ್ಧ ಮಾಡೆನೆಂದು ಕರ್ಣ ಹಟ ಹಿಡಿದ. ಕೌರವರು ಹತ್ತು ದಿನ ಅವನಿಲ್ಲದೆ ಕಾದಿದರು. ಪಂಪನ ಕಾಲದಿಂದಲೂ ಕನ್ನಡಿಗರಿಗೆ ಕರ್ಣನ ಮೇಲೆ ಒಲವು, ನನಗೂ ಉಂಟು. ತುಂಬಿದ ಸಭೆಯಲ್ಲಿ ಹಳಿದ ಹಿರಿಯರದೇ ಮೊದಲ ತಪ್ಪು. ಆದರೆ ಆ ಹತ್ತು ದಿನಗಳಲ್ಲಿ ಸತ್ತ ಸಾಮಾನ್ಯ ಸೈನಿಕರಿಗೆ ಈ ಇಬ್ಬರ ಮಾನಾಪಮಾನದಲ್ಲಿ ಪಾಲೇನಿತ್ತು?

ಪರದೇಶದವರು ತಮ್ಮ ಸಾಹಸದ ಓಟಗಳಲ್ಲಿ ಇದಕ್ಕೊಂದು ನಿಯಮವನ್ನೇ ಮಾಡಿಟ್ಟಿದ್ದಾರೆ. ಜೆರಾರ್ ಫ್ಯೂಸಿಲ್ ಎಂಬ ಫ್ರೆಂಚ್ ಪತ್ರಕರ್ತ ೧೯೮೯ರಲ್ಲಿ ನ್ಯೂಜಿಲೆಂಡಿನಲ್ಲಿ ಆರಂಭಿಸಿದ ‘ರೇಡ್ ಗೊಲ್ವಾಜ್’ ಓಟದಲ್ಲಿ ತಂಡಕ್ಕೆ ಐದು ಜನ ಇರುತ್ತಿದ್ದರು. ಐವರೂ ಒಟ್ಟಿಗೆ ಗುರಿ ಮುಟ್ಟಬೇಕಾಗಿತ್ತು. ಎಲ್ಲರಿಗಿಂತ ಚುರುಕಿನವನು ಎಷ್ಟು ಮುಂದೆ ಓಡಿದರೂ ಪ್ರಯೋಜನವಿರಲಿಲ್ಲ. ನಿಯಮ ಒಳ್ಳೆಯದೇ. ಆದರೆ ನಿಯಮಕ್ಕೆ ಹೆದರಿ ಕಾಯುವುದು ಬೇರೆ, ಬಿಟ್ಟು ಹೋಗಲಾರದೆ ಕಾಯುವುದು ಬೇರೆ. ಮಹಾಪ್ರಸ್ಥಾನದಲ್ಲಿ ದ್ರೌಪದಿ, ಸಹದೇವ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರಾಗಿ ಬೀಳುತ್ತಾರೆ; ಧರ್ಮರಾಯ ತಿರುಗಿ ನೋಡದೆ ನಡೆಯುತ್ತಾನೆ. ಓಟದ ಲೆಕ್ಕದಲ್ಲಿ ಅವನೇ ಗೆದ್ದವನು. ಅದೇ ಧರ್ಮರಾಯ ನಾಯಿಯನ್ನು ಬಿಟ್ಟು ಇಂದ್ರನ ರಥ ಏರಲೊಲ್ಲ. ತಮ್ಮಂದಿರು ನರಕದಲ್ಲಿರುವುದನ್ನು ಕಂಡು ತಾನೂ ಅಲ್ಲೇ ಉಳಿಯುತ್ತೇನೆನ್ನುತ್ತಾನೆ. ಎರಡನ್ನೂ ಹೊಂದಿಸುವುದು ಕಷ್ಟ. ಬಿದ್ದವರು ಸತ್ತಿದ್ದರು, ನಿಂತರೂ ಅವರಿಗೆ ಪ್ರಯೋಜನವಿರಲಿಲ್ಲ. ಬದುಕಿದ್ದ ನಾಯಿಯನ್ನು ಬಿಡುವುದು ಬಿಡದಿರುವುದು ಅವನ ಕೈಯಲ್ಲಿತ್ತು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಪಂಡಿತರು ಬೇರೆ ಹೇಳಿಯಾರು.

ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಇನ್ನೂ ಬಿಗಿಯಾಗಿದೆ. ಮುಂಬಯಿಗೆ ಬಂದ ಕನ್ನಡ ಕುಟುಂಬಗಳಲ್ಲಿ ಅನೇಕ ಕುಟುಂಬಗಳು ಕಟ್ಟಿದ್ದೇ ಥರದ ಮೇಲೆ ಥರವಾಗಿ. ಅಣ್ಣ ಮೊದಲು ಬಂದ. ಫೋರ್ಟಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದ. ರಾತ್ರಿಶಾಲೆಗೆ ಸೇರಿ ಅರ್ಧಕ್ಕೆ ಬಿಟ್ಟ, ಏಕೆಂದರೆ ತಮ್ಮನ ಫೀಸು ಕಟ್ಟಬೇಕಾಗಿತ್ತು. ತಮ್ಮ ಡಿಗ್ರಿ ಮುಗಿಸಿ ಬ್ಯಾಂಕು ಸೇರಿದ, ಬೊರಿವಲಿಯಲ್ಲಿ ಫ್ಲ್ಯಾಟು ಕೊಂಡ. ಅವನ ಶ್ರಮವೇನೂ ಕಡಿಮೆಯಲ್ಲ. ಪರೀಕ್ಷೆಗೆ ಕುಳಿತವನು ಅವನೇ. ಮುಂದೊಂದು ದಿನ ಊರಿನ ಮನೆಯ ಪಾಲಿನ ಮಾತು ಬರುತ್ತದೆ. ತಮ್ಮ ಸಮಪಾಲು ಕೇಳುತ್ತಾನೆ. ಕಾನೂನು ಅವನ ಕಡೆಗಿದೆ. ಅಣ್ಣ ಬಾಯಿ ತೆರೆಯುವುದಿಲ್ಲ. ತೆರೆದರೆ ಕೊಟ್ಟದ್ದನ್ನು ಎತ್ತಿ ಆಡಿದಂತಾಗುತ್ತದೆಂಬ ಸಂಕೋಚ. ಹಾಗಾದರೆ ಅವನ ಪರವಾಗಿ ಆ ಮಾತು ಎತ್ತಬೇಕಾದವರು ಯಾರು? ನನ್ನ ಮಟ್ಟಿಗೆ, ತಮ್ಮನೇ. ರಾತ್ರಿಶಾಲೆ ಯಾವ ವರ್ಷ ನಿಂತಿತು, ಆ ವರ್ಷ ಯಾರ ಫೀಸು ಕಟ್ಟಲಾಯಿತು ಎಂಬುದು ಆ ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ.