ಕಪ್ಪಿನ ಮೇಲಿನ ದೂರು

ಕ್ವಿಲ್ಟ್ ಹೊಲಿಗೆಯಲ್ಲಿ ವಿನ್ಯಾಸವನ್ನು ಎತ್ತಿ ತೋರಿಸುವುದು ಬಣ್ಣಕ್ಕಿಂತ ಹೆಚ್ಚಾಗಿ ಅದರ ತಿಳಿ-ಗಾಢ. ‘ಲಾಗ್ ಕ್ಯಾಬಿನ್’ ಚೌಕದಲ್ಲಿ ನಡುವಿನ ತುಂಡಿನ ಸುತ್ತ ಪಟ್ಟಿಗಳು: ಕರ್ಣದ ಒಂದು ಬದಿಗೆ ತಿಳಿ, ಇನ್ನೊಂದಕ್ಕೆ ಗಾಢ. ಕಪ್ಪಿನ ಪಕ್ಕ ಇಟ್ಟರೆ ಕಂದು ಬಟ್ಟೆಯೂ ತಿಳಿಯ ಕಡೆಗೆ ಸೇರಿಬಿಡುತ್ತದೆ. ಹಾಗಾದರೆ ಗಾಢತೆ ಬಟ್ಟೆಯ ಗುಣವೋ, ಪಕ್ಕದವರು ಕೊಟ್ಟದ್ದೋ?

ಪ್ಯಾರಿಸ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್‌ಗೆ ಒಂದು ದೂರು ಬಂತು: ಕಪ್ಪಿಗೆ ಕಸುವಿಲ್ಲ. ಆತ ಬೇರೆ ಹೆಸರಾಂತ ಕಾರ್ಖಾನೆಗಳ ಕಪ್ಪು ಉಣ್ಣೆ ತರಿಸಿ ಹೋಲಿಸಿದ. ತಮ್ಮದೇನೂ ಕಡಿಮೆಯಿರಲಿಲ್ಲ, ಪಕ್ಕದ ನೀಲಿ, ನೇರಳೆಗಳು ಅದನ್ನು ಮಂಕಾಗಿಸಿದ್ದವು. 1839ರಲ್ಲಿ ಇದನ್ನೆಲ್ಲ ದೊಡ್ಡ ಪುಸ್ತಕವಾಗಿಸಿದ.

ಈ ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ, ಎಲ್ಲ ತಪ್ಪೂ ಪರಿಸರದ್ದೇ ಎನ್ನುವ ನಮ್ಮಂಥವರಿಗೆ ಬಲು ಅನುಕೂಲ. ಆದರೆ ಕೆಲವು ತಿಳಿನೀಲಿ, ನೇರಳೆಗಳು ಮಾಸುತ್ತವೆಂಬ ದೂರು ನಿಜವೆಂದೂ ಶೆವ್ರಲ್ ಒಪ್ಪಿದ್ದ. ಯಾವುದು ಯಾವುದೆಂದು ಗೊತ್ತಾದದ್ದು ನೂಲನ್ನು ಬೇರೆಡೆ ಇಟ್ಟು ನೋಡಿದ್ದರಿಂದ.

‘ದಡ್ಡ’ ಎನಿಸಿಕೊಂಡ ಹಿಂದಿನ ಬೆಂಚಿನ ಹುಡುಗನಿಗೆ ಈ ಪರೀಕ್ಷೆ ಸುಲಭಕ್ಕೆ ಒಗ್ಗದು. ಅವನನ್ನು ಎಬ್ಬಿಸಿ ಮುಂದೆ ಕೂರಿಸಬಹುದು; ಹಿಂದೆ ಕೂತ ಐದು ವರ್ಷವೂ ಅವನ ಜೊತೆಗೇ ಎದ್ದು ಬರುತ್ತದೆ.