ಇಂದಿನ ಧಮ್ಮಚಿಂತನೆ: ಚೋಮನ ಗುಡಿಸಲು, ನಮ್ಮ ಮನೆ

 

ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿ ಬಂದದ್ದು 1933ರಲ್ಲಿ. ಓದದವರೂ 1975ರ ಸಿನಿಮಾ ನೋಡಿರುತ್ತೀರಿ. ಈ ವಾರ ಅದನ್ನು ಮತ್ತೆ ಓದಿದೆ. ಈ ಸಲ ನನ್ನ ಮನಸ್ಸು ನಿಂತದ್ದು ಚೋಮನ ಗುಡಿಸಲಿನಲ್ಲಿ. ಕಥೆ ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಅಲ್ಲಿಗೇ ಬರುತ್ತದೆ. ಅದೇ ಗುಡಿಸಲು, ಅದೇ ದುಡಿ.

ಗುಡಿಸಲು ಬದಲಾಗುವುದಿಲ್ಲ, ಒಳಗಿನ ಜನ ಕಡಿಮೆಯಾಗುತ್ತಾರೆ. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಚನಿಯ ಜ್ವರ ಬಂದು ಸಾಯುತ್ತಾನೆ. ಗುರುವ ಕ್ರೈಸ್ತ ಹುಡುಗಿಯ ಕೈಹಿಡಿದು ದೂರವಾಗುತ್ತಾನೆ. ನೀಲ ನೀರಿನಲ್ಲಿ ಮುಳುಗುವಾಗ ಮೈಲಿಗೆಯಾಗುತ್ತದೆಂದು ಯಾರೂ ಕೈ ಕೊಡುವುದಿಲ್ಲ. ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ. ಆರು ವರ್ಷದ ನಂತರ ಬಂದ ಕಥೆಯಲ್ಲೂ ನಮ್ಮ ಮಗುವಿಗೆ ನೀರು ಸಾವೇ ಆಗಿತ್ತು.

ಹಾಗಾದರೆ ಚೋಮ ಬೆಳೆಯಲಿಲ್ಲವೇ? ಬೆಳೆದ. ಅದನ್ನು ಅಳೆಯಲು ಅವನು ಹೊಸಿಲು ದಾಟಿ ಎಷ್ಟು ದೂರ ಹೋದ ಎಂದು ನೋಡಬೇಕು. ಮೊದಲು ಒಡೆಯನ ಜೀತಕ್ಕೆ ಹೋಗುತ್ತಾನೆ. ಆಮೇಲೆ ಅದೇ ಒಡೆಯನ ಹತ್ತಿರ ಬೇಸಾಯಕ್ಕೆ ಭೂಮಿ ಕೇಳುತ್ತಾನೆ. ಸಿಗುವುದಿಲ್ಲ. ಕೊನೆಗೆ ಈ ಧರ್ಮವೇ ಬೇಡವೆಂದು ಪಾದ್ರಿಯ ಕಡೆ ಹೊರಡುತ್ತಾನೆ. ಜೀತ, ಕೇಳಿಕೆ, ಬಿಡುಗಡೆ. ಎಂಥ ನಡಿಗೆ! ಆದರೆ ಪಂಜುರ್ಲಿ ದೈವದ ಭಯ ಹಿಡಿದು ದಾರಿಯಿಂದಲೇ ಹಿಂತಿರುಗುತ್ತಾನೆ. ಗುಡಿಸಲಿನಲ್ಲಿ ದುಡಿ ಬಾರಿಸುತ್ತಾ ಪ್ರಾಣ ಬಿಡುತ್ತಾನೆ.

ಅಂದು ಅವನನ್ನು ತಡೆದದ್ದು ಒಡೆಯನಲ್ಲ, ಒಳಗಿನ ಭಯ. ಚೋಮನನ್ನು ನೋಡಿ ನಗಬೇಡಿ ಬಂಧುಗಳೇ. ನಮ್ಮ ಮನೆಯ ಗೋಡೆಯ ಮೇಲೆ ಭಗವಾನರು, ಬಾಬಾಸಾಹೇಬರು ಇದ್ದಾರೆ. ಎರಡು ವರ್ಷದ ಹಿಂದೆ ಮಗಳಿಗೆ ಮೂರು ದಿನ ಜ್ವರ ಬಿಡಲಿಲ್ಲ. ರಾತ್ರಿ ಅಮ್ಮ ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿದರು. ನಾನು ನೋಡಿಯೂ ಸುಮ್ಮನಿದ್ದೆ. ನನಗೂ ಭಯವಿತ್ತು. ಜ್ವರ ಇಳಿದದ್ದು ಡಾಕ್ಟರ ಔಷಧಿಯಿಂದ. ಮುಡಿಪು ಮಾತ್ರ ಇವತ್ತಿಗೂ ಅಮ್ಮನ ಟ್ರಂಕಿನಲ್ಲಿದೆ. ಇಪ್ಪತ್ತೆರಡು ಪ್ರತಿಜ್ಞೆ ಬಾಯಲ್ಲಿ ಹೇಳಿದ ನಾನೂ ಅರ್ಧದಾರಿಯಲ್ಲೇ ನಿಂತಿದ್ದೆ.

ಬಾಬಾಸಾಹೇಬರು ಯೇವಲೆಯಲ್ಲಿ ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದ್ದು 1935ರ ಅಕ್ಟೋಬರ್ 13ರಂದು. ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವೆ ಇಪ್ಪತ್ತೊಂದು ವರ್ಷ ಓದಿದರು, ವಿಚಾರ ಮಾಡಿದರು, ಹಿಂದೆ ತಿರುಗಲಿಲ್ಲ. ಹೊರಟಾಗ ಲಕ್ಷಾಂತರ ಜನರನ್ನು ಜೊತೆಗೆ ಕರೆದುಕೊಂಡರು. ತನ್ನ ಭಯವನ್ನು ಬಿಚ್ಚಿ ಹೇಳಿಕೊಳ್ಳಲು ಚೋಮನಿಗೆ ಒಂದು ಬಳಗ ಇರಲಿಲ್ಲ. ಹುತ್ತೂರಿನ ನಮಗೆ ಇದೆ.

ಇವತ್ತು ಸಂಜೆ ಅಮ್ಮನ ಪಕ್ಕ ಕೂತು ಆ ಮುಡಿಪಿನ ಮಾತು ತೆಗೆಯುತ್ತೇನೆ. ಬೈಯುವುದಕ್ಕಲ್ಲ, ನನ್ನ ಭಯವನ್ನೂ ಹೇಳಿಕೊಳ್ಳುವುದಕ್ಕೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಟ್ರಂಕು ಇದ್ದರೆ, ಇಂದು ಹಿರಿಯರ ಜೊತೆ ಕೂತು ಪ್ರತಿಜ್ಞೆಗಳನ್ನು ಒಮ್ಮೆ ನಿಧಾನವಾಗಿ ಓದಿ.

ಭವತು ಸಬ್ಬ ಮಂಗಲಂ. ಜೈ ಭೀಮ್. 🙏